ಕಿಕ್ಕರ್ ಬಿಚ್ಚುವ ದಿನ

ಹುಬ್ಬಳ್ಳಿ, ಕ್ರಿ.ಶ. ೨೧೭೪, ಕಾರ್ತಿಕ

ಪೂಜ್ಯ ಫಕೀರೇಶಜ್ಜನವರಿಗೆ,

‘ಸವೆದದ್ದೇ ಉಳಿಯುತ್ತದೆ’ ಎಂಬ ಸಾಲನ್ನು ಎಲ್ಲೋ ಓದಿದ ನೆನಪು. ಉಳಿಯುವುದು ಸವೆದದ್ದೋ, ಸವೆಸಿದವರೋ? ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ನಿಮ್ಮ ಮರಿಮೊಮ್ಮಗನ ಮಗಳು.

ನಿಮ್ಮ ಜಪಾನಿ ಬೈಕು ನಮ್ಮ ಶೆಡ್ಡಿನಲ್ಲಿದೆ. ಪೆಟ್ರೋಲು ಈಗ ವಸ್ತುಸಂಗ್ರಹಾಲಯದಲ್ಲಿ ಮೂಸಿ ನೋಡಲು ಮಾತ್ರ ಸಿಗುತ್ತದೆ. ನಮ್ಮ ಗಾಡಿಗಳಿಗೆ ಸದ್ದೇ ಇಲ್ಲ. ಅವು ಹತ್ತಿರ ಬಂದರೆ ಓಣಿಯ ‘ಎಚ್ಚರಗಂಬ’ ಗಂಟೆ ಬಾರಿಸುತ್ತದೆ. ಆದರೂ ಓಣಿಯ ಹುಡುಗರೆಲ್ಲ ನಿಮ್ಮ ಗಾಡಿಯ ಸುತ್ತಲೇ ಕೂರುತ್ತಾರೆ. ಈ ಕಾಲದ ಯಾವ ವಸ್ತುವನ್ನೂ ಬಿಚ್ಚಲು ಬರುವುದಿಲ್ಲ. ಇದನ್ನು ನಾಲ್ಕು ಪಾನಾ ಇದ್ದರೆ ಬಿಚ್ಚಬಹುದು, ತಮಗೆ ಬೇಕಾದಂತೆ ಮಾಡಿಕೊಳ್ಳಬಹುದು.

ನೀವು ಹಿಂದಿನ ಮಡ್‌ಗಾರ್ಡ್ ಕತ್ತರಿಸಿದಿರಿ. ಅಂದಿನಿಂದ ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಒಂದೊಂದು ಭಾಗ ಬದಲಿಸುತ್ತಾರೆ. ಇದನ್ನು ‘ಕೈಪಾಲು’ ಎನ್ನುತ್ತೇವೆ. ನನ್ನ ಸೋದರತ್ತೆ ಹ್ಯಾಂಡಲ್ ತಗ್ಗಿಸಿದರು. ಆಮೇಲೆ ಅವರ ಎಡಭುಜ ಜೋತುಬಿತ್ತು. ತಮ್ಮ ಕಲ್ಮೇಶ ಸೀಟು ಹೊಲಿಸಿದ; ಮರುದಿನದಿಂದ, ವೀಳ್ಯದೆಲೆಯನ್ನೇ ಕಾಣದ ಅವನು ಬರಿಯ ಅಂಗೈಗೆ ಸುಣ್ಣ ಸವರುತ್ತಾನೆ. ಹಳೆಯ ವಿಡಿಯೊದಲ್ಲಿ ನಿಮ್ಮ ಭುಜವೂ ಹಾಗೇ, ಎಲೆಗೆ ಸುಣ್ಣ ಸವರುವ ಬೆರಳೂ ಹಾಗೇ. ನಾನೊಬ್ಬಳೇ ಇನ್ನೂ ಏನನ್ನೂ ಮುಟ್ಟಿಲ್ಲ.

ನೀವು ಮುಟ್ಟಿದ್ದರಲ್ಲಿ ಈಗ ಉಳಿದಿರುವುದು ಕಿಕ್ಕರ್ ಒಂದೇ. ನಿಮ್ಮ ಪಾದಕ್ಕೆ ಸವೆದು ಅದರಲ್ಲಿ ತಗ್ಗು ಬಿದ್ದಿದೆ. ನನ್ನ ಮಗಳು ಮಿಂಚು ಇಂದು ಅದನ್ನು ತೆಗೆದು ಹಿತ್ತಾಳೆಯದು ಹಾಕುತ್ತಾಳಂತೆ. ಬೇಡವೆಂದು ಕಾಲು ಹಿಡಿಯುವುದೊಂದು ಬಾಕಿ. “ಅವ್ವಾ, ಕವಿತಾ ಓದಿ ಓದಿ ಕಬ್ಬಿಣಕ್ಕೂ ಅಂಜಾಕತ್ತಿಯಲ್ಲ!” ಎಂದು ನಕ್ಕು ಶೆಡ್ಡಿಗೆ ಹೋದಳು.

ಅಜ್ಜಾ, ಗಾಡಿಯ ಟೂಲ್ ಬಾಕ್ಸಿನಲ್ಲಿ ಇಟ್ಟದ್ದು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಅದು ನಿಮ್ಮ ಕಾಲಕ್ಕೆ ಹೋಗಿ ನಿಮ್ಮನ್ನು ಸೇರುತ್ತದೆಂದು ನಂಬಿ ಈ ಕಾಗದವನ್ನೂ ಅಲ್ಲೇ ಇಡುತ್ತೇನೆ. ನನ್ನದೊಂದೇ ಬೇಡಿಕೆ. ಶೋರೂಮಿನಿಂದ ತಂದ ಗಾಡಿ ತಂದ ಹಾಗೇ ಇರಲಿ. ಆ ಮೊದಲ ನಟ್ಟು ಬಿಚ್ಚಬೇಡಿ. ನಿಮಗೆ ಕೈ ತುರಿಸುತ್ತದೆಂದು ಬಲ್ಲೆ, ನನಗೂ ತುರಿಸುತ್ತದೆ. ಆದರೆ ನನಗಿರುವುದು ಒಬ್ಬಳೇ ಮಗಳು.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಹುಸೇನಬಿ ಬಾಗಿಲಿಗೆ ಬಂದು ಹೇಳಿದಳು:

“ಪಾರಕ್ಕಾ, ಮನಿಗೆ ಬೀಗರು ಬಂದಾರೇನು? ಶೆಡ್ಡಿನ್ಯಾಗ ಗಾಡಿ ಮ್ಯಾಲೆ ಯಾರೋ ಮುದುಕ ಕುಂತಾನ. ಮಿಂಚುನ ಅಂಗಿ ಯಾಕ ಹಾಕ್ಕೊಂಡಾನ?”