ಹುಳಿಮಣ್ಣಿನ ಚೀಲ

ಕುಟ್ಟನಾಡು, ಕೇರಳ
ಭಾನುವಾರ

ಅಕ್ಕಾ, ಸಿಟ್ಟಿದ್ದರೂ ಇದನ್ನು ಪೂರ್ತಿ ಓದು. ಭಾವನ ವರ್ಷದ ಕಾರ್ಯಕ್ಕೆ ನಾನು ಬರಲಿಲ್ಲವೆಂದು ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾರ್ಡು.

ಇಲ್ಲಿ ಗದ್ದೆಗಿಂತ ಕಾಲುವೆಯೇ ಎತ್ತರ. ಗದ್ದೆಯಲ್ಲಿ ನಿಂತರೆ ದೋಣಿಗಳು ನನ್ನ ತಲೆಗಿಂತ ಮೇಲೆ ಹೋಗುತ್ತವೆ. ಇದು ಕೊಳೆತ ಗಿಡಮರಗಳ ಮಣ್ಣು, ನೀರು ಬಸಿದಷ್ಟೂ ಕುಗ್ಗುತ್ತದಂತೆ. ನೆಲ ಇಳಿದಿದ್ದಕ್ಕೆ ನನ್ನ ಬಾಡಿಗೆ ಮನೆಯ ಅಜ್ಜಿ ಬಾಗಿಲಿಗೆ ಮೂರನೆಯ ಮೆಟ್ಟಿಲು ಕಟ್ಟಿಸಿದ್ದಾಳೆ.

ನನ್ನ ಯಂತ್ರ ಕಾಲುವೆಯಿಂದ ಎತ್ತುವ ಹೂಳು ಕಾಡಿಗೆಯಂತೆ ಕಪ್ಪು. "ಕೆರೆ ಗೋಡು ಸಿಕ್ರೆ ನಿಂಬೆ ಗಿಡಕ್ಕೆ ಒಂದ್ ಚೀಲ ತಾರೋ ಮಾರಾಯ" ಎಂದು ನೀನು ಹೇಳುತ್ತಿದ್ದುದು ನೆನಪಾಯಿತು. ಭಾವ ನೆಟ್ಟ ಗಿಡವಲ್ಲವೇ ಎಂದು ಒಂದು ಚೀಲ ತುಂಬಿ ಧರ್ಮಪ್ಪನ ಲಾರಿಯಲ್ಲಿ ಭದ್ರಾವತಿಗೆ ಕಳಿಸಿದೆ. ಮೊನ್ನೆ ನಿನ್ನ ಜಗುಲಿಯ ಮೇಲಿಟ್ಟು ಹೋದನಂತೆ.

ಅದನ್ನು ಗಿಡಕ್ಕೆ ಹಾಕಬೇಡ. ಅದೇ ಮಣ್ಣು ಹಾಕಿದ ನನ್ನ ಮೆಣಸಿನ ಸಸಿ ನಾಲ್ಕೇ ದಿನದಲ್ಲಿ ಎಲೆ ಸುಟ್ಟುಕೊಂಡು ಸತ್ತಿತು. ಅಜ್ಜಿ ನೋಡಿ, ಮುಖ ಕಿವುಚಿ, "ಪುಳಿ, ಪುಳಿ" ಎಂದಳು. ನಮ್ಮ ಭದ್ರಾವತಿ ನ್ಯೂಟೌನಿನ ತಮಿಳರ ನಡುವೆ ಬೆಳೆದವನಿಗೆ ಅಷ್ಟು ತಿಳಿಯಿತು, ಮಣ್ಣು ಹುಳಿಯೆಂದು. ತಿಂಗಳಿಂದ ಇಲ್ಲಿನ ಮಲಯಾಳದಲ್ಲಿ ನನಗೆ ಅರ್ಥವಾದ ಮಾತು ಅದೊಂದೇ.

ಯಂತ್ರಕ್ಕೆ ಸಿಕ್ಕು ಆಗಿದ್ದ ಕೈಯ ಗಾಯ ಒಣಗಿದೆ. ಅಂಚೆಯವನ ದೋಣಿ ಬಂತು. ಚೀಲವನ್ನು ಆಗಲೇ ಗಿಡದ ಬುಡಕ್ಕೆ ಸುರಿದುಬಿಟ್ಟಿದ್ದರೆ, ಬೈಯುವುದಕ್ಕಾದರೂ ಫೋನ್ ಮಾಡು.

ಕಾಂತರಾಜ