ನಾಲ್ಕನ್ನು ಆರು ಅಂತ ಬರೆದ ಮಾವನಿಗೆ

ಹುಲುಗಪ್ಪ ಮಾವಾ,

ಬದುಕಿದ್ದಾಗ ನಿನ್ನನ್ನು ನಾನು ‘ನೀವು’ ಅಂತಲೇ ಕರೆದೆ. ಅವ್ವನ ತಮ್ಮ ನೀನು, ಕೈಹಿಡಿದು ಆಟ ಕಲಿಸಿದ ಉಸ್ತಾದ ನೀನು, ಕೊನೆಗೆ ಹೆಣ್ಣು ಕೊಟ್ಟವನೂ ನೀನೇ. ಒಬ್ಬನಿಗೇ ಮೂರು ಮರ್ಯಾದೆ. ನಿನ್ನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಯಿತು. ಇನ್ನು ‘ನೀನು’ ಅಂದರೆ ಸಾಕು ಅನ್ನಿಸಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಹಾಗೆ ಹೇಳಿದವರಿಗೆ ನಿನ್ನಂಥ ಮಾವ ಇದ್ದಿರಲಿಕ್ಕಿಲ್ಲ.

ಬಳ್ಳಾರಿ ದಂಡಿನ ಗಾಲ್ಫ್ ಮೈದಾನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಸರಿಗೆ ಮೈದಾನ, ಹುಡುಕಿದರೂ ಒಂದು ಗರಿಕೆ ಇಲ್ಲ. ಒಂದೊಂದು ಕುಳಿಯ ಸುತ್ತಲೂ ಎಣ್ಣೆ ಬೆರೆಸಿದ ಮರಳು ಹಾಸಿದ್ದರು. ಆ ಮರಳನ್ನು ದಿನಾ ಎಳೆದು ಸಮ ಮಾಡುವ ಕೂಲಿ ನನ್ನದು, ಬಿಳಿ ಸಾಹೇಬರಿಗೆ ಕೋಲು ಹಿಡಿಯುವುದನ್ನು ಕಲಿಸುವ ಕೆಲಸ ನಿನ್ನದು. ಅವರೆಲ್ಲ ಬಂಗಲೆಗೆ ಹೋದ ಮೇಲೆ ನೀನು ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದೆ. “ಲೇ ಎರ್ರಿಸ್ವಾಮಿ, ಚೆಂಡಿನ ಮ್ಯಾಲೆ ಸಿಟ್ಟು ಮಾಡಬ್ಯಾಡ. ಅದು ನಿನಗೇನೂ ಮಾಡಿಲ್ಲ,” ಅನ್ನುತ್ತಿದ್ದೆ. ಅಂಗೈಯ ಬೊಕ್ಕೆ ಒಡೆದು ರಕ್ತ ಬಂದರೆ ನಿನ್ನ ರುಮಾಲಿನ ಅಂಚು ಹರಿದು ನೀನೇ ಕಟ್ಟುತ್ತಿದ್ದೆ. ಇದನ್ನೂ ಬರೆಯುತ್ತೇನೆ. ನಿನ್ನ ಹಾಗೆ ಇಲ್ಲದ್ದನ್ನು ಬರೆಯುವವನು ನಾನಲ್ಲ.

ಒಂದು ದಿನ ಒಬ್ಬ ಮೇಜರನ ಜೊತೆ ನೀನು ಆಡುತ್ತಿದ್ದೆ. ನಾನು ಚೀಲ ಹೊತ್ತು ಹಿಂದೆ ಬರುತ್ತಿದ್ದೆ. ಬಂಡೆಯ ಮರೆಯಲ್ಲಿ ನೀನು ಕೋಲು ಇಡುತ್ತಿದ್ದಂತೆ ಚೆಂಡು ಒಂದಿಷ್ಟು ಹೊರಳಿತು. ಮೇಜರ್ ನೋಡಲಿಲ್ಲ, ನಾನೂ ನೋಡಲಿಲ್ಲ. ನೀನೇ ಕೈ ಎತ್ತಿ, “ಚೆಂಡು ಅಳ್ಳಾಡಿತು ಸಾಬ್, ನನ್ನ ಲೆಕ್ಕಕ್ಕ ಒಂದು ಹೊಡೆತ ಸೇರಿಸ್ರಿ,” ಅಂದೆ. ಕಡಿಮೆ ಹೊಡೆದವನೇ ಗೆಲ್ಲುವ ಆಟದಲ್ಲಿ ಅದೊಂದು ಹೊಡೆತದಿಂದ ಅವತ್ತು ಸೋತೆ. ಗುಡ್ಡದ ದಾರಿಯಲ್ಲಿ ಮನೆಗೆ ಬರುವಾಗ ಯಾಕೆ ಹೇಳಿದಿರಿ ಅಂತ ಕೇಳಿದೆ. “ಈ ಆಟಕ್ಕ ಪೊಲೀಸು ಇಲ್ಲಲೇ, ನಾವ ಪೊಲೀಸು,” ಅಂದೆ. ಆ ಮಾತನ್ನು ದೇವರ ಮಾತಿನಂತೆ ಇಟ್ಟುಕೊಂಡೆನಲ್ಲ, ನಾನೆಂಥ ದಡ್ಡ...

ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು. ಮೈದಾನದಲ್ಲಿ ಮೇಕೆ ಮೇಯತೊಡಗಿದವು. ಎರಡನೇ ಚಳಿಗಾಲಕ್ಕೆ ನೀನು ಒಂದು ಸುದ್ದಿ ತಂದೆ. ದೇಶದ ಉಸ್ತಾದರೆಲ್ಲ ಊರಿಂದೂರಿಗೆ ಹೋಗಿ ಆಡುವ ಪಂದ್ಯಗಳ ಹಂಗಾಮು ಅದು. ಮದರಾಸು, ಬೆಂಗಳೂರು, ಮುಂಬಯಿ, ದೆಹಲಿ, ಕಡೆಗೆ ಕಲ್ಕತ್ತಾ. ಕಲ್ಕತ್ತಾದಲ್ಲಿ ಗೆದ್ದವನಿಗೆ ಅಲ್ಲಿನ ಒಂದು ದೊಡ್ಡ ಕ್ಲಬ್ಬಿನಲ್ಲಿ ಕಾಯಂ ಉಸ್ತಾದನ ಕೆಲಸ. “ಇಬ್ಬರೂ ಹೋಗೂಣು. ಯಾರಿಗೆ ಬಂದ್ರೂ ನಮ್ಮ ಮನಿಗೇ ಬಂತು,” ಅಂದವನು ನೀನು. ಗುಂತಕಲ್ಲಿನಲ್ಲಿ ರೈಲು ಬದಲಿಸುವಾಗ ಒಂದೇ ಎಲೆಯಲ್ಲಿ ರೊಟ್ಟಿ ಚಟ್ನಿಪುಡಿ ತಿಂದೆವು.

ಮದರಾಸಿನಲ್ಲಿ ಮೊದಲ ಸಲ ಹುಲ್ಲಿನ ಮೇಲೆ ಚೆಂಡು ಉರುಳುವುದನ್ನು ನೋಡಿದೆ. ನಮ್ಮ ಎಣ್ಣೆಮರಳಿನ ಅಂದಾಜಿನಲ್ಲಿ ತಟ್ಟಿದರೆ ಕುಳಿ ದಾಟಿ ಎಲ್ಲಿಗೋ ಹೋಯಿತು. “ಮಖಮಲ್ ಐತಲೇ ಇದು, ಮೆಲ್ಲಗ,” ಅಂತ ನೀನು ನಕ್ಕೆ. ಬೆಂಗಳೂರಿನಲ್ಲಿ ನೀನು ಮೂರನೆಯವನು, ನಾನು ಎಲ್ಲೋ ಹಿಂದೆ. ಮುಂಬಯಿಯಲ್ಲಿ ನಾನು ಎರಡನೆಯವನಾದೆ. ಮೊದಲ ಸಲ ನಿನಗಿಂತ ಮುಂದೆ. ನಿನ್ನ ಕಾಲು ಮುಟ್ಟಲು ಬಂದಾಗ ನೀನು ಚೀಲದ ಪಟ್ಟಿ ಬಿಗಿ ಮಾಡುತ್ತ ಕೂತೆ. ದೆಹಲಿಯ ರೈಲಿನಲ್ಲಿ ಇಡೀ ದಾರಿ ನೀನು ಕಿಟಕಿಯ ಹೊರಗೇ ನೋಡಿದೆ. ನಿನಗೆ ಮೈಯಲ್ಲಿ ಹುಷಾರಿಲ್ಲ ಅಂದುಕೊಂಡು ಚಹಾ ತಂದುಕೊಟ್ಟೆ. ಆಗಲೇ ಅರ್ಥವಾಗಬೇಕಿತ್ತಲ್ಲವಾ?

ಕಲ್ಕತ್ತಾದ ಕೊನೆಯ ದಿನ ನಮ್ಮಿಬ್ಬರನ್ನೇ ಜೋಡಿ ಮಾಡಿದರು. ನನ್ನ ಹೊಡೆತ ಎಣಿಸಿ ಕಾರ್ಡಿನಲ್ಲಿ ಬರೆಯುವವನು ನೀನು, ನಿನ್ನದನ್ನು ಬರೆಯುವವನು ನಾನು. ಹದಿನಾಲ್ಕನೇ ಕುಳಿಯಲ್ಲಿ ನನ್ನ ಚೆಂಡು ಕೆರೆಯ ಅಂಚಿನ ಕೆಸರಿಗೆ ಬಿತ್ತು. ಪಾದ ಹೂತು ನಿಂತು ಹೊಡೆದೆ. ಕುಳಿಯ ಪಕ್ಕಕ್ಕೇ ಬಂದು ಕೂತಿತು. ನಾಲ್ಕನೇ ಹೊಡೆತಕ್ಕೆ ಒಳಗೆ. ಜನ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ ಮಾವಾ. ಆಮೇಲೆ ಪೆನ್ಸಿಲ್ ತೆಗೆದು ಬರೆದೆ.

ಆಟ ಮುಗಿದಾಗ ನನ್ನ ಮನಸ್ಸಿನ ಎಣಿಕೆಯಲ್ಲಿ ಒಂದು ಹೊಡೆತದಿಂದ ನಾನು ಗೆದ್ದಿದ್ದೆ. ಕಾರ್ಡು ನನ್ನ ಮುಂದಿಟ್ಟು “ಸಹಿ ಮಾಡು” ಅಂದೆ. ನಾಲ್ಕನೇ ಇಯತ್ತೆ ಓದಿದವನು ನಾನು, ಅಂಕಿ ಓದಲು ಬಾರದವನಲ್ಲ. ಆದರೆ ಉಸ್ತಾದ ಬರೆದದ್ದನ್ನು ಅವನ ಎದುರಿಗೇ ತಿರುಗಿಸಿ ನೋಡುವುದು ಹೇಗೆ? ಸಹಿ ಮಾಡಿದೆ. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಬಂತು: ನೀನು ಮೊದಲು, ನಾನು ಎರಡನೆಯವನು. ಓಡಿಹೋಗಿ ಕೇಳಿದರೆ ಕ್ಲಬ್ಬಿನ ಕಾರ್ಯದರ್ಶಿ ಕಾರ್ಡು ತೋರಿಸಿದರು. ಹದಿನಾಲ್ಕರ ಮುಂದೆ ಆರು. ಜಾಸ್ತಿ ಬರೆದದ್ದಕ್ಕೆ ಆಟಗಾರನೇ ಸಹಿ ಮಾಡಿದ ಮೇಲೆ ಅದೇ ಲೆಕ್ಕ, ಅದು ಆಟದ ನಿಯಮ. ಆದರೂ ಆ ಪುಣ್ಯಾತ್ಮ ನಿನ್ನ ಕಡೆ ತಿರುಗಿ, “ಎಷ್ಟು ಹೊಡೆದ ಇವನು?” ಅಂತ ಕೇಳಿದರು.

ನೀನು ಬೂಟಿನ ದಾರ ಬಿಚ್ಚುತ್ತಿದ್ದೆ. ತಲೆ ಎತ್ತಲಿಲ್ಲ. “ಆರು ಸಾಬ್,” ಅಂದೆ.

ಕಿರುಚಬೇಕಿತ್ತು ನಾನು. ಆದರೆ ಕಿರುಚಿದ್ದರೆ ಅಷ್ಟು ಜನರ ಮುಂದೆ ಅವ್ವನ ತಮ್ಮ ಕಳ್ಳನಾಗುತ್ತಿದ್ದ. ಬಾಯಿ ಮುಚ್ಚಿಕೊಂಡೆ. ನೀನು ಬಾಯಿಬಿಟ್ಟು ಕೇಳಿದ್ದರೆ ಆ ಕೆಲಸ ನಿನಗೇ ಬಿಡುತ್ತಿದ್ದೆನಲ್ಲ ಮಾವಾ! ನಿನಗೆ ಐವತ್ತು ಹತ್ತಿರ, ನನಗೆ ಇಪ್ಪತ್ಮೂರು. ನನಗೆ ಮುಂದೆ ಇನ್ನೂ ಎಷ್ಟೋ ಹಂಗಾಮುಗಳಿದ್ದವು. ಕೇಳಿ ತೆಗೆದುಕೊಳ್ಳುವುದು ಅವಮಾನ ಅನ್ನಿಸಿತಾ? ಕದ್ದು ತೆಗೆದುಕೊಳ್ಳುವುದು ಅನ್ನಿಸಲಿಲ್ಲವಾ?

ನಾನೊಬ್ಬನೇ ಊರಿಗೆ ಬಂದೆ. ಮತ್ತೆ ಕೋಲು ಮುಟ್ಟಲಿಲ್ಲ. ಸಿರುಗುಪ್ಪದ ಕಡೆ ಹೊಸ ಕಾಲುವೆಗೆ ನೆಲ ಅಳೆಯುವವರ ಜೊತೆ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದೆ. ಹಚ್ಚೊಳ್ಳಿಯ ಎರೆ ಹೊಲದಲ್ಲಿ ನಮ್ಮ ಡೇರೆ ಇದ್ದಾಗ ಒಂದು ಮಧ್ಯಾಹ್ನ ನೀನು ಬಂದೆ. ಕೈಗೆ ಗಡಿಯಾರ, ಕಾಲಿಗೆ ಹೊಳೆಯುವ ಬೂಟು. ನೀರು ಕುಡಿದೆ. ಕಲ್ಕತ್ತಾದ ಮಾತು ಇಬ್ಬರೂ ಎತ್ತಲಿಲ್ಲ. “ಈರಮ್ಮನ್ನ ನಿನಗ ಕೊಡಬೇಕಂತ ಅದೀನಿ,” ಅಂದೆ. ಈರಮ್ಮ ನಿನ್ನ ಒಬ್ಬಳೇ ಮಗಳು. ಚಿಕ್ಕಂದಿನಿಂದ ಅವಳು ನನಗೇ ಅಂತ ನಾನೂ ಅಂದುಕೊಂಡಿದ್ದೆ, ಅವಳೂ. ಅದಕ್ಕೇ ಹೂಂ ಅಂದೆ. ಆದರೆ ಅವತ್ತು ನಿನ್ನ ಮುಖ ಎಷ್ಟು ಹಗುರಾಯಿತು ಅಂತ ನೋಡಿದೆ. ಮಗಳನ್ನು ಕೊಟ್ಟರೆ ಎರಡು ಹೊಡೆತ ವಾಪಸು ಕೊಟ್ಟಂತೆ ಅಂದುಕೊಂಡೆಯಾ? ಅವಳು ನಿನ್ನ ಪ್ರಾಯಶ್ಚಿತ್ತದ ಸಾಮಾನಾ?

ಈ ವರ್ಷ ನೀನು ಎದೆರೋಗ ಹತ್ತಿಸಿಕೊಂಡು ಕುರುಗೋಡಿನ ನಿನ್ನ ಮನೆಗೆ ಬಂದೆ. ನಿನ್ನ ಮಂಚದ ಪಕ್ಕ ಎಷ್ಟೋ ದಿನ ಕೂತೆ ನಾನು. ಈಗ ಹೇಳುತ್ತೀ, ಈಗ ಹೇಳುತ್ತೀ ಅಂತ... ನೀನು ಕಾಲುವೆ ಎಲ್ಲಿಗೆ ಬಂತು, ಜೋಳ ಹೇಗೈತಿ ಅಂತಲೇ ಕೇಳಿದೆ. ಮಣ್ಣು ಮಾಡುವ ದಿನ ಊರವರು, “ಹುಲುಗಪ್ಪ ಒಂದಿನಾನೂ ಸುಳ್ಳಾಡಿದಾಂವಲ್ಲ,” ಅಂದರು. ನಾನು ಹಿಡಿಮಣ್ಣು ಹಾಕಿ ಈಚೆ ಬಂದೆ.

ನಿನಗೆ ಗೊತ್ತಿಲ್ಲದ್ದು ಇಷ್ಟು. ಹೋದ ತಿಂಗಳು ನಿನ್ನ ಮನೆಯಲ್ಲೇ ಈರಮ್ಮ ಗಂಡು ಹೆತ್ತಳು. ತೊಟ್ಟಿಲ ದಿನ ಬೆಳಿಗ್ಗೆ ಅತ್ತಿ, ನಿನ್ನ ಹೆಂಡತಿ, ನನ್ನನ್ನು ಹಿತ್ತಲಿಗೆ ಕರೆದಳು.

“ಎರ್ರಿಸ್ವಾಮಿ, ಕಲ್ಕತ್ತಾದಾಗ ಅವರು ನಿನ್ನ ಕಾರ್ಡಿನ್ಯಾಗ ಸುಳ್ಳು ಬರದಿದ್ದು ಖರೇನು?”

“ಯಾರು ಹೇಳಿದ್ರು ಅತ್ತಿ?”

“ಅವರ ಹೇಳಿದ್ರು, ಸಾಯೋ ಹಿಂದಿನ ವಾರ. ‘ನೋಡ್ತಾನೇನೋ ಅಂತ ಕಾಯ್ದೆ, ನೋಡದ ಸಹಿ ಮಾಡಿಬಿಟ್ಟ’ ಅಂದ್ರು. ಜ್ವರದಾಗ ಏನೋ ಅಂತಾರ ಅಂದ್ಕೊಂಡೆ. ನೀ ಹೇಳಪ್ಪಾ, ಖರೇನು?”

“ಖರೇ ಅತ್ತಿ,” ಅಂದೆ.

ನೀನು ಅವಳಿಗೆ ಹೇಳಿದೆ, ನನಗೆ ಹೇಳಲಿಲ್ಲ. ಅದೂ ಹೇಗೆ? ನಾನು ನೋಡದೆ ಸಹಿ ಮಾಡಿದ್ದೇ ತಪ್ಪು ಅನ್ನುವ ಹಾಗೆ. ನಂಬಿದವನ ತಪ್ಪು, ಅಲ್ಲವಾ? ಅತ್ತಿ ಮುಖ ತೊಳೆದುಕೊಂಡು ಒಳಗೆ ಹೋದಳು.

ಮನೆ ತುಂಬ ಜನ. ತೀರಿಕೊಂಡ ಹಿರಿಯನ ಹೆಸರು ಮೊಮ್ಮಗನಿಗೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರೂ ಯಾರನ್ನೂ ಕೇಳಲಿಲ್ಲ. ನನ್ನ ತಂಗಿ ಸೋದರತ್ತೆ, ಹೆಸರು ಹೇಳಬೇಕಾದವಳು. ಕೂಸಿನ ಕಿವಿಗೆ ಬಾಯಿ ಇಟ್ಟು “ಹು” ಅನ್ನುವಷ್ಟರಲ್ಲಿ ಅತ್ತಿ ಅವಳ ಭುಜ ಹಿಡಿದಳು.

“ಆ ಹೆಸರು ಬ್ಯಾಡವ್ವಾ.”

ಅವ್ವ ದಂಗಾಗಿ, “ಯಾಕವ್ವಾ? ನನ್ನ ತಮ್ಮನ ಹೆಸರಿಗೆ ಏನಾಗೇತಿ?” ಅಂದಳು. ಅತ್ತಿ ಅವಳ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ತೊಟ್ಟಿಲ ಹಗ್ಗ ಹಿಡಿದು, “ಬಸವ ಅನ್ನು,” ಅಂದಳು.

ಆ ಹೆಸರು ಬೇಡ ಅನ್ನು ಅಂತ ನಾನು ಕೇಳಿರಲಿಲ್ಲ ಮಾವಾ, ಅವಳೇ ಅಂದಳು. ನಿನಗೆ ಮೊಮ್ಮಗ ಹುಟ್ಟಿದ್ದಾನೆ. ಅವನನ್ನು ಬಸವ ಅಂತ ಕರೆಯುತ್ತೇವೆ.

ಎರ್ರಿಸ್ವಾಮಿ