ಯಾವ ಬಟನ್ ಒತ್ತಿದರೂ

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಭಾವ, ಮಕ್ಕಳು ಚೆನ್ನಾಗಿದ್ದಾರಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಚಿಕ್ಕಮ್ಮನನ್ನು ಕಾಡಿ ಬೇಡಿ ನಿನ್ನ ವಿಳಾಸ ತೆಗೆದುಕೊಂಡು ಬರೆಯುತ್ತಿದ್ದೇನೆ. ಅಪ್ಪನ ಸುದ್ದಿ ಎಂದು ಅರ್ಧಕ್ಕೇ ಹರಿದು ಹಾಕಬೇಡ ಮಾರಾಯ್ತಿ, ಪೂರ್ತಿ ಓದು. ಅಮ್ಮ ತೀರಿಕೊಂಡ ದಿನ 'ನೀವೇ ಆಸ್ಪತ್ರೆಗೆ ತಡ ಮಾಡಿದ್ರಿ' ಎಂದು ನೀನು ಅಂದದ್ದೂ, 'ಇನ್ನು ನನ್ನ ಮುಖ ನೋಡ್ಬೇಡ' ಎಂದು ಅವರು ಅಂದದ್ದೂ ನನಗೆ ಮರೆತಿಲ್ಲ. ಇಬ್ಬರೂ ಒಂದೇ ಹಟದ ಜನ, ನಡುವೆ ಸಿಕ್ಕಿ ಸೊರಗಿದವನು ನಾನು.

ಅಪ್ಪನ ಗಂಟಲಿನ ಆಪರೇಷನ್ ವಿಷಯ ಚಿಕ್ಕಮ್ಮ ಹೇಳಿರಬೇಕು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದಾರೆ. ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ನಮ್ಮನ್ನು ಸಾಕಿದ ದನಿ ಅದು. ಬೆಳಿಗ್ಗೆ ನಮ್ಮನ್ನು ಎಬ್ಬಿಸುವಾಗಲೂ 'ಒಂದು ಸಲ, ಎರಡು ಸಲ' ಎನ್ನುತ್ತಿದ್ದರಲ್ಲ! ಮೂರು ಸಲ ಆಗುವಷ್ಟರಲ್ಲಿ ನೀನು ಎದ್ದು ಕೂತಿರುತ್ತಿದ್ದೆ, ನನ್ನ ಮುಖಕ್ಕೆ ನೀರು ಬೀಳುತ್ತಿತ್ತು. ಆಪರೇಷನ್ ಆದ ಮೇಲೆ ಮಾತೇ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒತ್ತಿದರೆ ಮಾತಾಡುವ ಆ್ಯಪ್‌ಗಳು ಬೇಕಾದಷ್ಟಿವೆ ಎಂದು ಒಂದನ್ನು ಅಪ್ಪನಿಗೆ ಕೇಳಿಸಿದೆ. 'ಇದ್ಯಾರೋ ಬ್ಯಾಂಕಿನವ್ರು ಮಾತಾಡ್ದಂಗಿದೆ, ಬೇಡ' ಎಂದರು. ಹಾಗಾದರೆ ಅಪ್ಪನ ದನಿಯಲ್ಲೇ ಮಾತಾಡುವ ಆ್ಯಪ್ ನಾನೇ ಮಾಡುತ್ತೇನೆ ಎಂದು ಹೊರಟೆ. ನಗಬೇಡ. ಲೆಕ್ಕದ ಮೇಷ್ಟ್ರನ್ನು ಕಂಡರೆ ಬೆಂಚಿನಡಿ ಸೇರುತ್ತಿದ್ದ ನಿನ್ನ ತಮ್ಮನೇ ಇದು.

ಬೇಕರಿ ಯಜಮಾನರು ತಮ್ಮ ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಮಂಗನ ಕೈಗೆ ಮಾಣಿಕ್ಯ! ಬ್ರೆಡ್ಡಿನ ಕೆಲಸ ಮುಗಿಸಿ, ಮಧ್ಯಾಹ್ನ ಒಲೆಯ ಪಕ್ಕದ ಹಿಟ್ಟಿನ ಮೂಟೆಗಳ ಮೇಲೆ ಕೂತು ವಿಡಿಯೋ ನೋಡಿ ಕಲಿಯುತ್ತಿದ್ದೆ. ಕೋಡ್ ಬರೆಯುವಾಗ ಒಂದು ಬ್ರಾಕೆಟ್ ಮರೆತರೆ ಸಾಕು, ಪರದೆ ತುಂಬ ಕೆಂಪು ಅಕ್ಷರ. ಬಟನ್ ಒತ್ತಿದಾಗ 'ನಮಸ್ಕಾರ' ಎಂದು ಬಂದ ದಿನ ಯಜಮಾನರಿಗೂ ತೋರಿಸಿದೆ, 'ಇಷ್ಟೇನಾ?' ಎಂದರು. ಆಪರೇಷನ್ನಿಗೆ ಮೊದಲು ಅಪ್ಪನನ್ನು ಕೋಣೆಯಲ್ಲಿ ಕೂರಿಸಿ, ಬೀದಿಯ ಸದ್ದು ಬಾರದಂತೆ ಕಿಟಕಿಗೆ ಕಂಬಳಿ ಕಟ್ಟಿ, ದನಿ ತುಂಬಿಸಿಕೊಂಡೆ. ನೀರು ಕೊಡು, ಫ್ಯಾನ್ ಆರಿಸು, ನೋಯ್ತಿದೆ, ಹೀಗೆ. ಎಲ್ಲ ಆಯಿತು ಎಂದು ನಾನು ಏಳುವಾಗ 'ಇರೋ, ಇನ್ನೊಂದಿದೆ' ಎಂದರು. ಆಮೇಲೆ ಆ ಒಡಕು ಗಂಟಲಿನಲ್ಲೇ ಕರೆದರು, 'ಗುಬ್ಬೀ, ಎಲ್ಲಿದ್ದೀಯಮ್ಮಾ?' ನಿನ್ನನ್ನು ಹಾಗೆ ಕರೆದದ್ದು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದೆ.

ಆಪರೇಷನ್ ಆಗಿ ಮನೆಗೆ ಕರೆತಂದ ದಿನ ಫೋನನ್ನು ಅವರ ಕೈಗಿಟ್ಟೆ. ಬಾಯಾರಿತ್ತೇನೋ, ನೀರಿನ ಬಟನ್ ಒತ್ತಿದರು. ಫೋನು 'ಗುಬ್ಬೀ, ಎಲ್ಲಿದ್ದೀಯಮ್ಮಾ?' ಎಂದಿತು. ಫ್ಯಾನಿನದನ್ನು ಒತ್ತಿದರೂ ಅದೇ, ನೋವಿನದನ್ನು ಒತ್ತಿದರೂ ಅದೇ. ಒಂದೊಂದು ಬಟನ್ನಿಗೂ ಅದರದೇ ದನಿ ಕೊಡುವ ಬದಲು ನಾನು ಎಲ್ಲವಕ್ಕೂ ಒಂದೇ ಪೆಟ್ಟಿಗೆ ತೋರಿಸಿಬಿಟ್ಟಿದ್ದೆ, ಆ ಪೆಟ್ಟಿಗೆಯಲ್ಲಿ ಕೊನೆಗೆ ಹಾಕಿದ್ದೊಂದೇ ಉಳಿದಿತ್ತು. ಹೊಸಬರೆಲ್ಲ ಮಾಡುವ ತಪ್ಪಂತೆ ಇದು. ಅಪ್ಪನಿಗೆ ಅದೆಲ್ಲ ಏನು ಗೊತ್ತು? ನಾನು ಬೇಕೆಂದೇ ಅಣಕಿಸುತ್ತಿದ್ದೇನೆ ಎಂದುಕೊಂಡು ಫೋನನ್ನು ಹಾಸಿಗೆಯ ಮೇಲೆ ಬಿಸುಟು ಗೋಡೆಯ ಕಡೆ ತಿರುಗಿ ಮಲಗಿದರು. ಭುಜ ಅಲುಗುತ್ತಿತ್ತು, ಸದ್ದು ಮಾತ್ರ ಇಲ್ಲ. ಸದ್ದಿಲ್ಲದೆ ಅಳುವುದನ್ನು ನೋಡಿದ್ದೀಯಾ ಅಕ್ಕಾ? 'ತಪ್ಪು ನಂದು ಅಪ್ಪಾ, ಸರಿ ಮಾಡ್ತೀನಿ' ಎಂದು ನಾನೂ ಅತ್ತೆ.

ಸರಿ ಮಾಡಿದೆ. ಈಗ ನೀರಿಗೆ ನೀರು, ಫ್ಯಾನಿಗೆ ಫ್ಯಾನು. ಆದರೆ ಸಂಜೆ ನಾನು ಅಡುಗೆಮನೆಯಲ್ಲಿರುವಾಗ ಅವರು ಆ ಕೊನೆಯ ಬಟನ್ ಒಂದನ್ನೇ ಒತ್ತುತ್ತಾರೆ. ಒತ್ತಿ, ಬಾಗಿಲ ಕಡೆ ನೋಡುತ್ತಾರೆ. ನಾನು ಒಲೆಯ ಮುಂದೆ ಕೇಳಿಸದವನ ಹಾಗೆ ನಿಂತಿರುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಈ ಮಾಮನ ಮುದ್ದು. ಬೆನ್ನು ನೋಯುವಾಗ ಭಾರ ಎತ್ತಬೇಡ.

ನಿನ್ನ ತಮ್ಮ,
ಮೊದ್ದು

ಮ. ವಿ.: ಇದನ್ನು ಚಿಕ್ಕಮ್ಮನಿಗೂ ಹೇಳಿಲ್ಲ. ಮೊನ್ನೆ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು, ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದರು. ಅಪ್ಪ ಕರೆದ ಮೇಲೆ ಇನ್ನೊಂದು ದನಿ ಉತ್ತರ ಕೊಡುವ ಹಾಗೆ ಮಾಡುವುದನ್ನೂ ಈಗ ಕಲಿತಿದ್ದೇನೆ. ನಾನೇ ಗಂಟಲು ಸಣ್ಣ ಮಾಡಿಕೊಂಡು ನಿನ್ನ ಹಾಗೆ 'ಬಂದೆ ಅಪ್ಪಾ' ಎಂದು ಹೇಳಿ ಹಾಕಿ ನೋಡಿದೆ. ಅಪ್ಪ ಕೇಳಿದರು, ನನ್ನ ತಲೆ ಸವರಿದರು, ಆಮೇಲೆ ಅಲ್ಲ ಎಂದು ಕೈಯಾಡಿಸಿದರು. ಬರುವ ಮನಸ್ಸಿದ್ದರೆ ಈ ಕಾಗದ ಮಡಚಿಟ್ಟು ಇವತ್ತೇ ಹೊರಡು. ಇಲ್ಲದಿದ್ದರೆ ಆ ಎರಡು ಮಾತನ್ನು ಫೋನಿನಲ್ಲಿ ಹೇಳಿ ಕಳಿಸು, ನನ್ನ ನಂಬರು ಹಳೆಯದೇ. ಸಿಟ್ಟಿನಲ್ಲೇ ಹೇಳು, ಪರವಾಗಿಲ್ಲ. ನಿನ್ನ ದನಿಯಾದರೆ ಸಾಕು.